ಅಕ್ಷರ ಕಲಿಸುವವನ ವಿದ್ಯೆ

ಅನ್ನದಾಸೋಹ, ಅಕ್ಷರದಾಸೋಹಗಳ ಮಹಿಮೆಯನ್ನು ನಮ್ಮ ಸದ್ಭಕ್ತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿ, ಇಂದು ಊರೂರುಗಳಲ್ಲಿ ಮಾಸ್ತರರಾಗಿ, ವಕೀಲರಾಗಿ, ವೈದ್ಯರಾಗಿ, ಸಕ್ಕರೆ ಕಾರ್ಖಾನೆಗಳ ಅಧಿಕಾರಿಗಳಾಗಿ ಇರುವವರು ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿ. ಆದರೆ ವಿದ್ಯಾದಾನವೆಂದೊಡನೆ ನಮ್ಮ ಮನಸ್ಸು ಕಾಲೇಜಿನ ಕಟ್ಟಡದ ಕಡೆಗೆ ಓಡುತ್ತದೆಯೇ ಹೊರತು ಒಂದನೆಯ ಇಯತ್ತೆಯ ಮಗುವಿನ ಪಾಟಿಯ ಕಡೆಗೆ ಹೊರಳುವುದಿಲ್ಲ. ದಾನ ಮಾಡುವವನ ಕೈಯಲ್ಲಿ ಕೊಡತಕ್ಕ ವಸ್ತು ಇದೆಯೋ ಇಲ್ಲವೋ ಎಂದು ನಾವು ವಿಚಾರಿಸುವುದೂ ಇಲ್ಲ. ಅಕ್ಷರ ಕಲಿಸುವವನು ತಾನು ಎಷ್ಟು ಕಲಿತಿರಬೇಕು? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಮಠದ ಹಳೆಯ ವಿದ್ಯಾರ್ಥಿಯೊಬ್ಬರು.

ಮೂಡಲಗಿ ತಾಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಅವರು ಬಹುಕಾಲದಿಂದ ಒಂದು, ಎರಡು, ಮೂರನೆಯ ಇಯತ್ತೆಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕಲಿಸುತ್ತಿದ್ದಾರೆ. ಕಳೆದ ಶ್ರಾವಣದಲ್ಲಿ ದರ್ಶನಕ್ಕೆ ಬಂದವರು ಬಗಲಲ್ಲಿ ಒಂದು ಟಿಪ್ಪಣಿ ಪುಸ್ತಕವನ್ನು ತಂದಿದ್ದರು. ಅದರಲ್ಲಿ ಒಂದೊಂದು ಮಗುವಿಗೆ ಒಂದೊಂದು ಪುಟ: ಈತ ಕಾಗುಣಿತದಲ್ಲಿ ನಿಂತಿದ್ದಾನೆ, ಈಕೆ ಒತ್ತಕ್ಷರ ಬಂದೊಡನೆ ಮುಂದಿನ ಶಬ್ದಕ್ಕೆ ಜಿಗಿಯುತ್ತಾಳೆ, ಈತ ಓದುತ್ತಾನೆ ಆದರೆ ಓದಿದ್ದೇನೆಂದು ಕೇಳಿದರೆ ಸುಮ್ಮನೆ ನೋಡುತ್ತಾನೆ. ಕಾರಣ ಬರೆಯಬೇಕಾದ ಜಾಗ ಎಲ್ಲ ಪುಟಗಳಲ್ಲಿಯೂ ಖಾಲಿಯಾಗಿತ್ತು. “ಅಪ್ಪಾರ, ಎಂ.ಎಡ್. ಮಾಡಬೇಕಂತ ಮನಸ್ಸೈತ್ರಿ. ಮ್ಯಾಲಿನ ಓದು ಆತಂದ್ರ ಈ ಸಣ್ಣ ಹುಡುಗರನ್ನ ಬಿಟ್ಟು ಹೋಗೂ ಹಾದಿ ತೆರೀತೈತಿ. ಓದಲಿಲ್ಲಂದ್ರ, ನಾ ಇವರಿಗೆ ಏನ ತಪ್ಪ ಮಾಡಾಕತ್ತೀನಿ ಅನ್ನೂದ ನನಗ ತಿಳಿಯೂದಿಲ್ಲ. ಇದರಾಗ ಯಾವುದು ಪಾಪರೀ?” ಎಂದರು. ಪೀಠದಲ್ಲಿ ಕುಳಿತವರಿಗೆ ಎಲ್ಲ ಪ್ರಶ್ನೆಗಳ ಉತ್ತರವೂ ಗೊತ್ತಿರುವುದೆಂಬ ಭಾವನೆ ಭಕ್ತರಲ್ಲಿ ಉಂಟು. ನಮಗೆ ಆ ದಿನ ಉತ್ತರ ಗೊತ್ತಿರಲಿಲ್ಲ. ಪ್ರಸಾದ ಸ್ವೀಕರಿಸಿ ಹೋಗಿರೆಂದು ಹೇಳಿ ಕಳಿಸಿದೆವು.

ಅವರ ಪ್ರಶ್ನೆ ನಮ್ಮನ್ನು ಅಷ್ಟು ತಟ್ಟಲು ಬೇರೊಂದು ಕಾರಣವಿತ್ತು. ಅದನ್ನು ಹೇಳಿಕೊಳ್ಳಲು ಸಂಕೋಚವಾದರೂ ಹೇಳದೆ ಈ ವಿಚಾರವನ್ನು ಮುಂದೆ ನಡೆಸುವುದು ಪ್ರಾಮಾಣಿಕತೆಯಲ್ಲ.

ನಮ್ಮ ಪ್ರಸಾದನಿಲಯದಲ್ಲಿ ಸಾಯಂಪ್ರಾರ್ಥನೆಯ ಕಾಲಕ್ಕೆ ಒಬ್ಬ ವಿದ್ಯಾರ್ಥಿ ವಚನವೊಂದನ್ನು ಓದುವ ರೂಢಿಯಿದೆ. ಏಳನೆಯ ಇಯತ್ತೆಯ ಒಬ್ಬ ಹುಡುಗನದು ಬಹಳ ಸುಶ್ರಾವ್ಯವಾದ ಕಂಠ; ಉಚ್ಚಾರವೂ ಸ್ಪಷ್ಟ. ಎರಡು ವರ್ಷಗಳಿಂದ ನಾವು ಆತನನ್ನೇ ಹೆಚ್ಚಾಗಿ ಓದಿಸುತ್ತಿದ್ದೆವು. ಬಂದ ಅತಿಥಿಗಳ ಮುಂದೆ ಪ್ರಶಂಸೆಯನ್ನೂ ಮಾಡುತ್ತಿದ್ದೆವು. ಒಂದು ಸಂಜೆ ಅಕಸ್ಮಾತ್ತಾಗಿ ಆತನ ಹಿಂದೆ ಬಂದು ನಿಂತಾಗ, ಆತನು ಓದುತ್ತಿದ್ದ ವಚನ ತೆರೆದ ಪುಟದಲ್ಲಿ ಇರಲಿಲ್ಲ. ಮರುದಿನ ಏಕಾಂತದಲ್ಲಿ ಕರೆದು ಚಿಕ್ಕ ಮಕ್ಕಳ ಕಥೆಯೊಂದನ್ನು ಕೊಟ್ಟೆವು. ಬಿಡಿ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಿದ, ಕೂಡಿಸಲಾರದೆ ಹೋದ, ಮೂರನೆಯ ಸಾಲಿಗೆ ಕಣ್ಣಲ್ಲಿ ನೀರು ತಂದುಕೊಂಡ. ಆತನು ಎರಡನೆಯ ಇಯತ್ತೆಯಲ್ಲಿದ್ದಾಗ, 2019ರ ಆಗಸ್ಟಿನಲ್ಲಿ, ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಯೂ ದಂಡೆಯ ಹಳ್ಳಿಗಳೂ ನೀರಿನಲ್ಲಿ ನಿಂತವು. ಆ ವರ್ಷ ಮುಗಿಯುವ ಮೊದಲೇ, 2020ರ ಮಾರ್ಚಿನಲ್ಲಿ, ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ಇಯತ್ತೆಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಓದು ಕೂಡುವ ವಯಸ್ಸಿನ ಎರಡು ವರ್ಷಗಳು ಹೀಗೆ ನದಿಗೂ ರೋಗಕ್ಕೂ ಹೋಗಿದ್ದವು. ಮುಂದಿನ ಇಯತ್ತೆಗಳಲ್ಲಿ ಆತನ ಹೆಸರಿನ ಮುಂದೆ ಬಿದ್ದ ಷರಾ ಮಾತ್ರ ಇಷ್ಟೇ: “ದಡ್ಡ, ಲಕ್ಷ್ಯ ಕಡಿಮೆ.” ಕಿವಿಯಿಂದ ಕೇಳಿಯೇ ನೂರಾರು ವಚನಗಳನ್ನು ಅಕ್ಷರವೂ ತಪ್ಪದಂತೆ ಧಾರಣ ಮಾಡಿಕೊಂಡವನು ದಡ್ಡನೇ? ನಮ್ಮ ಕಣ್ಣ ಮುಂದೆಯೇ ಎರಡು ವರ್ಷ ಕುಳಿತಿದ್ದವನಿಗೆ ಓದು ಬಾರದೆಂಬುದನ್ನು ತಿಳಿಯದ ನಮ್ಮ ಲಕ್ಷ್ಯ ಎಷ್ಟರದು?

ಇಲ್ಲಿಯೇ ಈ ವಿಷಯದ ಧರ್ಮಸೂಕ್ಷ್ಮ ಅಡಗಿದೆಯೆಂದು ನಮಗೆ ತೋರುತ್ತದೆ. ವೈದ್ಯನಿಗೆ ರೋಗ ತಿಳಿಯದಿದ್ದರೆ ವೈದ್ಯನಿಗೆ ತಿಳಿಯಲಿಲ್ಲವೆಂದು ಜನ ಅನ್ನುತ್ತಾರೆ. ಗೌಂಡಿಯು ಕಟ್ಟಿದ ಗೋಡೆ ಬಿರಿದರೆ ಇಟ್ಟಂಗಿಯನ್ನು ಯಾರೂ ಬೈಯುವುದಿಲ್ಲ. ಆದರೆ ಓದು ಹೇಗೆ ಉಂಟಾಗುತ್ತದೆಂಬುದು ಕಲಿಸುವವನಿಗೆ ತಿಳಿಯದಿದ್ದರೆ, ಆ ಅಜ್ಞಾನವು ಕಲಿಸುವವನ ಲೆಕ್ಕಕ್ಕೆ ಬೀಳದೆ ಮಗುವಿನ ಹೆಸರಿಗೆ ಜಮೆಯಾಗುತ್ತದೆ. ಆರು ವರ್ಷದ ಕೂಸು ಅದನ್ನು ನಂಬಿಯೂ ಬಿಡುತ್ತದೆ. ಹತ್ತನೆಯ ಇಯತ್ತೆಯ ಹುಡುಗನಾದರೆ, ಈ ಮಾಸ್ತರರಿಗೆ ಗಣಿತ ಸರಿಯಾಗಿ ಬರುವುದಿಲ್ಲ ಎಂದು ಮನೆಯಲ್ಲಿ ಹೇಳಿಯಾನು. ಒಂದನೆಯ ಇಯತ್ತೆಯ ಮಗು ಹಾಗೆ ಹೇಳಲಾರದು. ತನಗಾದ ಅನ್ಯಾಯವನ್ನು ಹೇಳಲು ಬಾರದವನ ವಿಷಯದಲ್ಲಿ ನಮ್ಮ ಹೊಣೆ ಹೆಚ್ಚೋ ಕಡಿಮೆಯೋ?

ಘಟಪ್ರಭೆಯ ಆರೋಗ್ಯಧಾಮಕ್ಕೋ ಬೆಳಗಾವಿಯ ದವಾಖಾನೆಗೋ ಮಗುವನ್ನು ಒಯ್ಯುವ ತಾಯಿ “ಮಕ್ಕಳ ಡಾಕ್ಟರರು ಇದ್ದಾರೇನು?” ಎಂದು ಕೇಳುತ್ತಾಳೆ. ಮಕ್ಕಳ ತಜ್ಞನಾಗಬೇಕಾದರೆ ವೈದ್ಯಪದವಿಯ ಮೇಲೆ ಇನ್ನೂ ಕೆಲವು ವರ್ಷ ಓದಬೇಕು. ರೋಗಿ ಚಿಕ್ಕವನಾದಷ್ಟೂ ವೈದ್ಯನ ಓದು ಹೆಚ್ಚು. ಅಕ್ಷರದ ವಿಷಯದಲ್ಲಿ ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಕಾಲೇಜಿನ ಪ್ರಾಧ್ಯಾಪಕನಿಗೆ ಸ್ನಾತಕೋತ್ತರ ಪದವಿ ಬೇಕು, ಹೈಸ್ಕೂಲಿಗೆ ಬಿ.ಎಡ್. ಬೇಕು, ಒಂದನೆಯ ಇಯತ್ತೆಗೆ ಪಿ.ಯು.ಸಿ. ಆದ ಮೇಲೆ ಎರಡು ವರ್ಷದ ಡಿಪ್ಲೊಮಾ ಸಾಕು. ಸಣ್ಣವರಿಗೆ ಸಣ್ಣ ವಿದ್ಯೆ ಸಾಕೆಂಬ ಈ ಎಣಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ಅದರಂತೆಯೇ ನಡೆಯುತ್ತೇವೆ.

ಇದನ್ನು ನಾಲ್ಕಾರು ಹಿರಿಯರ ಮುಂದೆ ಆಡಿದಾಗ ಹುಕ್ಕೇರಿಯ ಕಡೆಯ ಒಬ್ಬ ನಿವೃತ್ತರು ಆಕ್ಷೇಪವೆತ್ತಿದರು. ಹಿಂದಿನ ಮಾಸ್ತರರು ಮುಲ್ಕಿ ಪರೀಕ್ಷೆ ಪಾಸಾದವರು. ಅವರು ಕಲಿಸಿದ ಅಕ್ಷರದಿಂದಲೇ ನಾವೆಲ್ಲ ಮುಂದೆ ಬಂದೆವಲ್ಲ, ಅವರಿಗೆಲ್ಲಿಯ ಎಂ.ಎ., ಎಂ.ಎಡ್.? ಈ ಮಾತಿನಲ್ಲಿ ಗುರುಭಕ್ತಿ ಇದೆ, ನಮಗೂ ಇದೆ. ಆದರೆ ಆ ವಾದದಲ್ಲಿ ಒಂದು ತೊಡಕುಂಟು. ಆಗ ನಮ್ಮ ಸಂಗಡ ಬಿನ್ನೆತ್ತಿಯಲ್ಲಿ ಕುಳಿತವರೆಷ್ಟು ಜನ, ನಾಲ್ಕನೆಯ ಇಯತ್ತೆಗೆ ಮುಟ್ಟಿದವರೆಷ್ಟು ಜನ? ಉಳಿದವರು ದನ ಕಾಯಲು ಹೋದರು, ಕಬ್ಬಿನ ಗದ್ದೆಗೆ ಹೋದರು, ಹೆಣ್ಣುಮಕ್ಕಳಾದರೆ ತಮ್ಮನನ್ನು ಆಡಿಸಲು ಮನೆಯಲ್ಲಿ ಉಳಿದರು. ಹೋದವರ ಬಗ್ಗೆ ಮಾಸ್ತರರೂ ಕೇಳಲಿಲ್ಲ, ಊರೂ ಕೇಳಲಿಲ್ಲ. ಹೇಗೆ ಕಲಿಸಿದರೂ ಕಲಿಯಬಲ್ಲ ಕೆಲವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಹಿಂದಿನ ಪದ್ಧತಿ ಚೆನ್ನಾಗಿತ್ತೆಂದು ಸಾಕ್ಷಿ ಹೇಳುವವರು ಆ ಕೆಲವರೇ. ಸಾಕ್ಷಿ ಹೇಳಬೇಕಾದ ಉಳಿದವರು ಈ ಪತ್ರಿಕೆಯನ್ನು ಓದಲಾರರು.

ಹಾಗಾದರೆ ಅಕ್ಷರ ಕಲಿಸುವುದರಲ್ಲಿ ಸ್ನಾತಕೋತ್ತರವಾಗಿ ಓದಬೇಕಾದುದು ಏನಿದೆ? ‘ಅ ಆ ಇ ಈ’ ಯಾರಿಗೆ ಬಾರದು? ನಮ್ಮದೂ ಇದೇ ಅಭಿಪ್ರಾಯವಾಗಿತ್ತು. ಪಾಠಶಾಲೆಯಲ್ಲಿ ಕೌಮುದಿಯನ್ನು ಕಂಠಪಾಠ ಮಾಡಿ, ಮುಂದೆ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡುವಾಗ ಕೇಶಿರಾಜನ ಸೂತ್ರಗಳನ್ನೂ ಶಾಸನಗಳ ಲಿಪಿಯನ್ನೂ ಓದಿದೆವು. ಆರು ವರ್ಷದ ಮಗು ‘ಕ’ ಎಂಬ ಗೆರೆಯನ್ನು ಹೇಗೆ ಧ್ವನಿಯಾಗಿಸಿಕೊಳ್ಳುತ್ತದೆಂದು ನಮ್ಮನ್ನು ಯಾರೂ ಕೇಳಲಿಲ್ಲ. ನಾವೂ ಯಾರನ್ನೂ ಕೇಳಲಿಲ್ಲ. ಆ ಹುಡುಗನ ಪ್ರಸಂಗವಾದ ಮೇಲೆ ಕೆಲವು ಗ್ರಂಥಗಳನ್ನು ತರಿಸಿ ಓದಿದೆವು. ಓದಿದಂತೆ ನಮ್ಮ ಅಜ್ಞಾನದ ಆಳ ಕಾಣಿಸಿತು.

ನಮ್ಮ ಲಿಪಿಯನ್ನೇ ನೋಡಿರಿ. ಇಂಗ್ಲಿಷಿನ ಮಗು ಇಪ್ಪತ್ತಾರು ಅಕ್ಷರಗಳನ್ನು ಕಲಿತರೆ ಆಕೃತಿಗಳ ಕಲಿಕೆ ಹೆಚ್ಚುಕಡಿಮೆ ಮುಗಿಯಿತು. ಕನ್ನಡದ ಮೂವತ್ತನಾಲ್ಕು ವ್ಯಂಜನಗಳು ಸ್ವರಚಿಹ್ನೆಗಳೊಡನೆ ಕೂಡಿದಾಗಲೇ ನಾಲ್ಕುನೂರನ್ನು ಮೀರಿದ ರೂಪಗಳಾಗುತ್ತವೆ, ಆಮೇಲೆ ಒತ್ತಕ್ಷರಗಳು. ಮಗು ಮೊದಲು ಓದಬಯಸುವ ಶಬ್ದ ‘ಅಮ್ಮ’. ಅದರ ಕೆಳಗಿರುವ ಒತ್ತು ‘ಮ’ದಂತೆ ಕಾಣುವುದೇ ಇಲ್ಲ. ‘ಸೂರ್ಯ’ ಎಂಬಲ್ಲಿ ಮೊದಲು ನುಡಿಯುವ ರಕಾರವನ್ನು ಹಿಂದೆ ಬರೆಯುತ್ತೇವೆ. ಅಮ್ಮ, ಅಪ್ಪ, ಅಕ್ಕ, ಅಣ್ಣ ಎಲ್ಲರಲ್ಲಿಯೂ ಒತ್ತಕ್ಷರವಿರುವುದರಿಂದ ಹಳೆಯ ಕ್ರಮದಲ್ಲಿ ಕಲಿಯುವ ಮಗುವಿಗೆ ತನ್ನ ಮನೆಯವರು ಪುಸ್ತಕದಲ್ಲಿ ಸಿಕ್ಕುವುದು ಕಟ್ಟಕಡೆಗೆ! ಬೆಂಗಳೂರಿನ ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬರುವುದೇನೆಂದರೆ, ಈ ಅಕ್ಷರಸಂಪತ್ತು ಕೈವಶವಾಗಲು ನಾಲ್ಕನೆಯ ಇಯತ್ತೆಯವರೆಗೂ, ಅದರಾಚೆಗೂ ಕಾಲ ಹಿಡಿಯುತ್ತದೆ. ಇದನ್ನು ತಿಳಿದ ಮಾಸ್ತರನು ಎರಡನೆಯ ಇಯತ್ತೆಯಲ್ಲಿ ತಡವರಿಸುವ ಮಗುವಿಗೆ ದಡ್ಡನೆಂಬ ಹೆಸರಿಡುವನೇ?

ಕ್ರಮದ ಪ್ರಶ್ನೆಯೂ ಹೀಗೆಯೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ 2009ರಿಂದ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ವರ್ಣಮಾಲೆಯ ಅನುಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸುತ್ತಾರೆ. ಆ ಐದು ಅಕ್ಷರಗಳಿಂದ ‘ಸರ’, ‘ಗರಗಸ’, ‘ಅಗಸ’, ‘ಅರಸ’ ಎಂದು ಮೊದಲ ವಾರಗಳಲ್ಲಿಯೇ ಅರ್ಥವುಳ್ಳ ಶಬ್ದಗಳು ಆಗುತ್ತವೆ. ಪಾಣಿನಿಯ ಪರಂಪರೆಯವರಾದ ನಮಗೆ ಇದು ಮೊದಲು ಅಪಚಾರವೆನಿಸಿದ್ದುಂಟು. ವರ್ಣಮಾಲೆಯ ಕ್ರಮವು ಧ್ವನಿಶಾಸ್ತ್ರಜ್ಞನ ಅನುಕೂಲಕ್ಕೆ ಆದುದು, ಮಗುವಿನ ಅನುಕೂಲಕ್ಕಲ್ಲ ಎಂಬುದು ತಡವಾಗಿ ಹೊಳೆಯಿತು. ಆದರೆ ಎಷ್ಟು ಜನ ಮಾಸ್ತರರಿಗೆ ಈ ಕ್ರಮದ ಕಾರಣ ಗೊತ್ತಿದೆ? ಕಾರಣ ಗೊತ್ತಿಲ್ಲದವನ ಕೈಯಲ್ಲಿ ಹೊಸ ಪದ್ಧತಿಯೂ ಹಳೆಯ ಗಿಳಿಪಾಠವೇ ಆಗುತ್ತದೆ. 2011ರಿಂದ 2016ರವರೆಗೆ ಶೈಲಜಾ ಮೆನನ್ ಮತ್ತು ಅವರ ಸಂಗಡಿಗರು ಯಾದಗಿರಿಯ ಕನ್ನಡ ಶಾಲೆಗಳಲ್ಲಿಯೂ ಮಹಾರಾಷ್ಟ್ರದ ವಾಡಾ ಭಾಗದ ಮರಾಠಿ ಶಾಲೆಗಳಲ್ಲಿಯೂ ಮೊದಲ ಇಯತ್ತೆಗಳ ಮಕ್ಕಳನ್ನು ವರ್ಷವರ್ಷವೂ ಹಿಂಬಾಲಿಸಿ ಅಧ್ಯಯನ ಮಾಡಿದರು. ಬೋಧನೆಯೆಲ್ಲ ಅಕ್ಷರಗಳ ಸುತ್ತಲೇ ತಿರುಗಿ, ಅರ್ಥಕ್ಕೂ ಮಾತುಕತೆಗೂ ಎಡೆ ಸಿಕ್ಕುವುದಿಲ್ಲವೆಂದೂ, ಮೂರನೆಯ ಇಯತ್ತೆ ಮುಗಿದರೂ ಬಹುಮಂದಿ ಮಕ್ಕಳಿಗೆ ಸರಾಗವಾದ ಓದು ಬಂದಿರುವುದಿಲ್ಲವೆಂದೂ ಅವರು ಕಂಡರು. ಮೂಡಲಗಿಯ ಮಾಸ್ತರರ ಟಿಪ್ಪಣಿಯಲ್ಲಿದ್ದುದೂ ಅದೇ.

ಇನ್ನೊಂದು ಮಾತು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ್ದು. ಗೋಕಾಕದ ಮಗು ಮನೆಯಲ್ಲಿ ‘ಮನ್ಯಾಗ’ ಎನ್ನುತ್ತದೆ. ಪುಸ್ತಕದಲ್ಲಿ ‘ಮನೆಯಲ್ಲಿ’ ಎಂದು ಅಚ್ಚಾಗಿದೆ. ಮಗು ಪುಸ್ತಕ ನೋಡುತ್ತ “ಮನ್ಯಾಗ ಬೆಕ್ಕು ಐತಿ” ಎಂದು ಓದಿತೆನ್ನಿ. ಇದು ತಪ್ಪೋ ಸರಿಯೋ? ಅಚ್ಚಿನ ಅಕ್ಷರವನ್ನೇ ನೋಡುವವನು ತಪ್ಪೆಂದು ಕೈಯಲ್ಲಿ ಛಡಿ ಹಿಡಿದಾನು. ಬಲ್ಲವನು ಆ ಮಗುವಿಗೆ ಅರ್ಥವಾಗಿದೆಯೆಂದು ಹಿಗ್ಗಿಯಾನು. ಏಕೆಂದರೆ ಅರ್ಥವಾಗದವನು ಪುಸ್ತಕದ ಮಾತನ್ನು ತನ್ನ ಮನೆಯ ಮಾತಿಗೆ ತಿರುಗಿಸಲಾರನು. ಅಮೆರಿಕದ ಕೆನೆತ್ ಗುಡ್‌ಮನ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ಇಂಥ ತಪ್ಪುಗಳನ್ನು ತಪ್ಪೆಂದು ತಳ್ಳದೆ, ಓದುವವನ ಮನಸ್ಸಿನೊಳಗೆ ಇಣುಕುವ ಕಿಟಕಿಗಳೆಂದು ತಿಳಿದು ಪರಿಶೀಲಿಸಿದರು. ಅದರ ಬೆನ್ನಿಗೆ ಅವರು ಓದನ್ನು ಒಂದು ಬಗೆಯ ಊಹೆಯೆಂದು ಕರೆದದ್ದನ್ನು ಮುಂದಿನ ಸಂಶೋಧಕರು ಬಲವಾಗಿ ಖಂಡಿಸಿ, ಅಕ್ಷರದಿಂದ ಧ್ವನಿಯನ್ನು ಬಿಡಿಸುವ ಶಕ್ತಿಯನ್ನು ಬಿಟ್ಟುಕೊಟ್ಟರೆ ದುರ್ಬಲ ಮಗು ಇನ್ನೂ ಹಿಂದೆ ಬೀಳುವುದೆಂದು ತೋರಿಸಿದರು. ನಮ್ಮ ವಚನ ಓದುವ ಹುಡುಗನೇ ಇದಕ್ಕೆ ದೃಷ್ಟಾಂತ: ಆತನ ಬಳಿ ಅರ್ಥವಿತ್ತು, ನೆನಪಿತ್ತು, ಬಿಡಿಸುವ ಶಕ್ತಿಯೊಂದೇ ಇರಲಿಲ್ಲ. ಈ ಎರಡು ಪಕ್ಷಗಳನ್ನೂ ಓದಿ, ಎದುರಿಗಿರುವ ಮಗುವಿಗೆ ಯಾವುದರ ಕೊರತೆಯಿದೆಯೆಂದು ನಿರ್ಣಯಿಸುವುದು ಎರಡು ವರ್ಷದ ಡಿಪ್ಲೊಮಾದ ಕೈಲಾಗುವ ಕೆಲಸವೇ? ಹುಕ್ಕೇರಿಯ ಕಡೆಗೆ ಮನೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ಆಡುವ ಮಕ್ಕಳು ಕನ್ನಡ ಶಾಲೆಯಲ್ಲಿ ಕುಳಿತಿರುತ್ತಾರೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಬೇರೆ ಸೀಮೆಯ ಗ್ಯಾಂಗುಗಳ ಸಂಗಡ ಬಂದ ಕೂಸುಗಳು ಹೊಲದ ಬದುವಿನಲ್ಲಿಯೇ ಉಳಿಯುತ್ತವೆ. ಅವರ ಸಮಸ್ಯೆ ಇದಕ್ಕಿಂತಲೂ ತೊಡಕಿನದು.

ಅಮೆರಿಕದ ಅನೇಕ ರಾಜ್ಯಗಳಲ್ಲಿ ಓದು ಕಲಿಸುವ ತಜ್ಞ ಶಿಕ್ಷಕರೆಂಬ ಪ್ರತ್ಯೇಕ ಹುದ್ದೆಯೇ ಇದ್ದು, ಅದಕ್ಕೆ ತರಗತಿಯ ಅನುಭವದ ಜೊತೆಗೆ ಸ್ನಾತಕೋತ್ತರ ಓದನ್ನು ಸಾಮಾನ್ಯವಾಗಿ ಬಯಸುತ್ತಾರೆ. ನಮ್ಮಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮೊದಲಾದೆಡೆ ಶಿಕ್ಷಣಶಾಸ್ತ್ರದ ಉನ್ನತ ಅಧ್ಯಯನ ನಡೆಯುತ್ತದೆ. 2010ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಶಿಕ್ಷಣದಲ್ಲಿ ಎಂ.ಎ. ಪದವಿಯನ್ನು ನೀಡುತ್ತಿದೆ. ಆದರೆ ಎಂ.ಎಡ್. ಎಂದರೆ ಒಂದನೆಯ ಇಯತ್ತೆಯಿಂದ ಹೊರಬೀಳುವ ರಹದಾರಿಯೆಂದೇ ನಮ್ಮ ಜನ ತಿಳಿದಿದ್ದಾರೆ. ಓದಿದವನು ಹೈಸ್ಕೂಲಿಗೋ ತರಬೇತಿ ಕಾಲೇಜಿಗೋ ಏರುತ್ತಾನೆ. ಏರಿದವನು ಮರಳಿ ಬರುವುದಿಲ್ಲ. 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು, ಬಿ.ಎಡ್. ಪದವಿಯು ಪ್ರಾಥಮಿಕ ಇಯತ್ತೆಗಳ ಬೋಧನೆಗೆ ಅರ್ಹತೆಯಾಗಲಾರದೆಂದು ತೀರ್ಪಿತ್ತಾಗ, ದೊಡ್ಡ ಪದವಿ ಸಣ್ಣ ಹುದ್ದೆಗೆ ಸಾಲದೇ ಎಂದು ನಮ್ಮ ಭಾಗದ ಕೆಲವರು ನಕ್ಕರು. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯೇ ಒಂದು ವಿದ್ಯೆ ಎಂಬುದು ಆ ತೀರ್ಪಿನ ತಿರುಳೆಂಬುದು ನಗುವವರ ಗಮನಕ್ಕೆ ಬರಲಿಲ್ಲ. ಬೇರೆ ವಿದ್ಯೆಯೆಂದ ಮೇಲೆ ಅದಕ್ಕೆ ಅದರದೇ ಆದ ಶಿಖರವೂ ಇರಬೇಡವೇ?

ಈ ನಾಡಿಗೆ ಇಂಥ ವಿಚಾರ ಹೊಸದೇನಲ್ಲ. ಮರಾಠಿ ಶಾಲೆಗಳೇ ತುಂಬಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಎಬ್ಬಿಸಲು ಹೊರಟಾಗ, ಮಕ್ಕಳ ಜೊತೆಗೆ ಮಾಸ್ತರರ ಶಿಕ್ಷಣವನ್ನೂ ಹಿಡಿದರು. ಧಾರವಾಡದ ಟ್ರೇನಿಂಗ್ ಶಾಲೆಯ ಸಂಗಡ ಅವರ ಹೆಸರು ಕೂಡಿಕೊಂಡಿರುವುದು ಅದಕ್ಕಾಗಿಯೇ. 1865ರಲ್ಲಿ ಮಾಸ್ತರರಿಗೆಂದೇ ಒಂದು ಪತ್ರಿಕೆ ಹುಟ್ಟಿತು. ಈಗಿನ ‘ಜೀವನ ಶಿಕ್ಷಣ’ದ ಮೂಲ ಅದೇ. ಅದರ ಮೊದಲ ಹೆಸರು ‘ಮಠ ಪತ್ರಿಕೆ’ ಎಂಬುದನ್ನು ನೆನೆದಾಗ ನಮಗೆ ಸಂತೋಷವೂ ಆಗುತ್ತದೆ, ನಾಚಿಕೆಯೂ ಆಗುತ್ತದೆ. ಆಗ ಮಠವೆಂದರೆ ಶಾಲೆ. ಇನ್ನು ಗೋಕಾಕದ ಹೆಸರಂತೂ ಆ ಮನೆತನದ ಹೆಸರು ಹೊತ್ತ ವಿನಾಯಕ ಕೃಷ್ಣ ಗೋಕಾಕರ 1981ರ ವರದಿಯಿಂದಲೂ ಮರುವರ್ಷದ ಚಳವಳಿಯಿಂದಲೂ ನಾಡಿಗೆಲ್ಲ ಪರಿಚಿತ. ಹೈಸ್ಕೂಲಿನಲ್ಲಿ ಯಾವ ಭಾಷೆ ಪ್ರಥಮವಾಗಬೇಕೆಂದು ಅಂದು ಲಕ್ಷಾಂತರ ಜನ ಬೀದಿಗಿಳಿದರು; ಯೋಗ್ಯವಾದ ಹೋರಾಟವೇ ಸರಿ. ಪ್ರಥಮ ಇಯತ್ತೆಯಲ್ಲಿ ಆ ಭಾಷೆಯ ಓದನ್ನು ಯಾರು, ಎಷ್ಟು ಬಲ್ಲವರು ಕಲಿಸಬೇಕೆಂದು ಯಾರೂ ಬೀದಿಗಿಳಿದದ್ದು ನಮಗೆ ನೆನಪಿಲ್ಲ.

ಈಗ ಮಾಸ್ತರರ ಪ್ರಶ್ನೆಗೆ ಬರೋಣ. ನೀವು ತ್ಯಾಗ ಮಾಡಿರಿ, ಎಂ.ಎಡ್. ಮಾಡಿಯೂ ಒಂದನೆಯ ಇಯತ್ತೆಯಲ್ಲಿಯೇ ಉಳಿಯಿರಿ ಎಂದು ನಾವು ಹೇಳಬಹುದಾಗಿತ್ತು. ತ್ಯಾಗವನ್ನು ಬೋಧಿಸುವುದು ಸಂಸಾರವಿಲ್ಲದ ನಮ್ಮಂಥವರಿಗೆ ಬಹಳ ಸುಲಭ. ಇಬ್ಬರು ಮಕ್ಕಳ ತಂದೆಯಾದ, ಸಾಲ ಮಾಡಿ ಮನೆ ಕಟ್ಟಿಸುತ್ತಿರುವ ಒಬ್ಬ ಮಾಸ್ತರನ ತ್ಯಾಗದ ಮೇಲೆ ಸಮಾಜವು ತನ್ನ ಅಕ್ಷರದ ಭಾರವನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಶರಣರ ಹೆಸರು ಹೇಳುವ ನಾವು ಸಂಬಳದ ಪಟ್ಟಿಯಲ್ಲಿ ಏಕೆ ಮೇಲು ಕೀಳು ಮಾಡಿದ್ದೇವೆ?

ಇಲ್ಲಿ ನಮ್ಮ ಎರಡನೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಆಡಳಿತದ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸುತ್ತಿದ್ದ ಒಬ್ಬ ಅಕ್ಕೋರು ಸ್ವಂತ ಖರ್ಚಿನಲ್ಲಿ ಎಂ.ಎಡ್. ಮುಗಿಸಿ ಬಂದಾಗ, ಶಾಲು ಹೊದಿಸಿ ಸತ್ಕರಿಸಿ ಅವರನ್ನು ಹೈಸ್ಕೂಲಿಗೆ ಏರಿಸಿದವರು ನಾವೇ. ಗೌರವ ಮಾಡಿದೆವೆಂದೇ ತಿಳಿದಿದ್ದೆವು. ಆ ಹುಡುಗನ ವಿಷಯ ಬೆಳಕಿಗೆ ಬಂದ ಮೇಲೆ ಅವರನ್ನು ಕರೆಯಿಸಿ, ಮತ್ತೆ ಸಣ್ಣ ಮಕ್ಕಳಿಗೆ ಕಲಿಸುವಿರಾ ಎಂದು ಕೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, “ಅಪ್ಪಾರ, ಕೆಳಗ ಇಳಿದ್ರ ಪಗಾರಾನೂ ಕೆಳಗ ಇಳೀತೈತೇನ್ರಿ?” ಎಂದರು. ‘ಕೆಳಗೆ’ ಎಂಬ ಮಾತನ್ನು ಅವರು ನಮ್ಮಿಂದಲೇ ಕಲಿತಿದ್ದರು.

ಆಡಳಿತ ಮಂಡಳಿಯ ಎರಡು ಸಭೆಗಳು ಇದಕ್ಕೇ ಹೋದವು. ಅನುದಾನದ ನಿಯಮ ಅಡ್ಡಿ, ಉಳಿದವರು ಕೇಳುತ್ತಾರೆ, ಲೆಕ್ಕಪರಿಶ್ರಮಕರಿಗೆ ಏನು ಹೇಳುವುದು ಎಂದು ಹಿರಿಯರು ಒಂದೊಂದಾಗಿ ತೊಡಕು ತೆಗೆದರು, ತೊಡಕುಗಳು ಸುಳ್ಳಾಗಿರಲಿಲ್ಲ. ಕಡೆಗೆ ಜಾತ್ರೆಯ ದೀಪಾಲಂಕಾರದ ಖರ್ಚಿನಲ್ಲಿ ಒಂದು ಭಾಗವನ್ನು ಕಡಿಮೆ ಮಾಡಿ, ಒಂದರಿಂದ ಮೂರನೆಯ ಇಯತ್ತೆಗಳಿಗೆ ಕಲಿಸುವ ಉನ್ನತ ಪದವೀಧರರಿಗೆ ಹೈಸ್ಕೂಲಿನ ಸರಿಸಮಾನ ಸಂಬಳವನ್ನು ಮಠದಿಂದ ತುಂಬಿಕೊಡುವುದೆಂದು ಗೊತ್ತುಮಾಡಿದೆವು. ಸದ್ಯಕ್ಕೆ ಅಂಥವರು ಒಬ್ಬರೇ. ದೀಪ ಕಡಿಮೆಯಾಯಿತೆಂದು ಕೆಲವು ಭಕ್ತರು ಬೇಸರಪಟ್ಟದ್ದೂ ಉಂಟು.

ಮೂಡಲಗಿಯ ಮಾಸ್ತರರಿಗೆ ದೀಪಾವಳಿಯ ಹೊತ್ತಿಗೆ ಹೇಳಿ ಕಳಿಸಿದೆವು: ಓದಿರಿ, ಪ್ರಬಂಧಕ್ಕೆ ಬೇರೆ ವಿಷಯ ಹುಡುಕಬೇಡಿರಿ, ಆ ಟಿಪ್ಪಣಿ ಪುಸ್ತಕದ ಖಾಲಿ ಜಾಗಗಳೇ ವಿಷಯವಾಗಲಿ, ಓದಿ ಮುಗಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದು ನಿಮ್ಮ ಇಚ್ಛೆ, ಅದರಲ್ಲಿ ಪಾಪವಿಲ್ಲ, ನೀವು ಹೋಗದೆ ಇರುವಂತೆ ಮಾಡದಿದ್ದರೆ ಪಾಪವು ಸಮಾಜದ್ದು. ಅವರು ಅರ್ಜಿ ಹಾಕಿದ್ದಾರೆ. ರಜೆ ಮಂಜೂರಾಗಬೇಕಾಗಿದೆ.

ಅಕ್ಕೋರು ನಮ್ಮ ಏಳನೆಯ ಇಯತ್ತೆಯ ಹುಡುಗನನ್ನು ಸಂಜೆ ಒಂದೊಂದು ತಾಸು ಕೂಡಿಸಿಕೊಂಡರು. ಆತನಿಗೆ ಬಾಯಿಗೆ ಬರುತ್ತಿದ್ದ ವಚನಗಳನ್ನೇ ದೊಡ್ಡ ಅಕ್ಷರದಲ್ಲಿ ಬರೆದು, ನುಡಿಯುವ ಶಬ್ದದ ಕೆಳಗೆ ಬೆರಳಿಡಿಸುತ್ತ, ನೆನಪಿನಲ್ಲಿದ್ದುದನ್ನು ಕಣ್ಣಿಗೆ ತಂದುಕೊಡುವುದು ಅವರ ಮೊದಲ ಕೆಲಸವಾಗಿತ್ತು. ಎಂಟು ತಿಂಗಳಾದ ಮೇಲೆ, ಕಳೆದ ತಿಂಗಳು, ಆತನು ತಾನಾಗಿಯೇ ಬಂದು ಪ್ರಾರ್ಥನೆಯಲ್ಲಿ ಹಿಂದೆಂದೂ ಕೇಳದ ಪುಟವೊಂದನ್ನು ಓದುತ್ತೇನೆಂದ. ಪತ್ರಿಕೆಯಿಂದ ಮಳೆಯ ಸುದ್ದಿಯೊಂದನ್ನು ಕೊಟ್ಟೆವು. ನಿಧಾನವಾಗಿ, ಬೆರಳಿಟ್ಟು, ಎರಡು ಕಡೆ ನಿಂತು ಓದಿದ. ಕಂಠದಲ್ಲಿ ಹಿಂದಿನ ಇಂಪು ಇರಲಿಲ್ಲ. ‘ಹಿಡಕಲ್ ಜಲಾಶಯದಲ್ಲಿ’ ಎಂದು ಅಚ್ಚಾದುದನ್ನು ‘ಜಲಾಶಯದಾಗ’ ಎಂದು ಓದಿದಾಗ ಹಿಂದಿನ ಸಾಲಿನ ಹುಡುಗರು ನಕ್ಕರು. ಅಕ್ಕೋರು ನಮ್ಮ ಕಡೆಗೆ ನೋಡಿದರು. ಮುಂದೆ ಓದು ಎಂದು ನಾವು ಕೈಸನ್ನೆ ಮಾಡಿದೆವು.